ಹಲ್ಲು ಹೋದ ಅರ

ರುಕ್ನೋದ್ದೀನ್ ಮಿಸ್ತ್ರಿ ರಿಟೈರಾದ ದಿನ
ಹಾರ, ಶಾಲು, ಫೋಟೋ ಎಲ್ಲಾ ಮುಗದಮ್ಯಾಲ
ಎಣ್ಣಿ ಬಟ್ಟ್ಯಾಗ ಸುತ್ತಿದ ಒಂದು ಅರ
ನನ್ನ ಟಿಕೀಟು ಚೀಲದಾಗ ಹಾಕಿದ.
"ಹಲ್ಲು ಹೋಗ್ಯಾವ ಇದರವು, ನನ್ನಂಗ.
ಗುಜರಿಗಿ ಹಾಕಲಿಕ್ಕಿ ಮನಸ್ಸು ಬರಲಿಲ್ಲ."

ಮೂವತ್ತೊಂದು ವರ್ಷ ಬಸ್ಸಿನ ಕಬ್ಬಿಣ ಕಡಿದ ಹಲ್ಲು.
ಕಂಡಕ್ಟರಗ ಅರ ಯಾಕ?
ನಾ ಕೇಳಲಿಲ್ಲ. ಅವ ಹೇಳಲಿಲ್ಲ.

ಶಹಾಬಾದದಾಗ ನಮ್ಮ ಮಾಳಿಗಿ ಮ್ಯಾಲ
ಆರು ಇಟ್ಟಂಗಿ, ಒಂದು ಪುಟ್ಟಿ ಇದ್ದಲಿ,
ಜಗದೇವಿ ಕೂದಲಾ ಒಣಗಿಸೋ ಮಷೀನು:
ಇಷ್ಟರಾಗ ಕುಲುಮಿ ಆಯ್ತು.
ಮಷೀನು ಆಕಿಗಿ ಹೇಳಿ ತಗೊಂಡಿದ್ದಿಲ್ಲ,
ಆ ಮಾತು ಬ್ಯಾರೆ.

ಮೊದಲು ಅರ ಮೆತ್ತಗಾಗಬೇಕಂತ.
ಕೆಂಪಗ ಕಾಸಿ ಬೂದ್ಯಾಗ ಮುಚ್ಚಿಟ್ಟೆ,
ರಾತ್ರೆಲ್ಲ ತಾನೇ ಆರಲಿ ಅಂತ.
ಮುಂಜಾನೆ ಕೆದರಿದ್ರ
ಮೂವತ್ತೊಂದು ವರ್ಷದ ಗಡಸು ಬಿಟ್ಟು
ಸುಮ್ಮ ಮಲಗಿತ್ತು,
ಆಕ್ಸಾ ಬ್ಲೇಡಿಗಿ ಮೈ ಕೊಟ್ಟು.

ಆಮ್ಯಾಲ ವಾರದ ರಜಾ ಒಂದೊಂದೂ
ಒಂದೊಂದು ಚಿಟಿಕಿ ಕಬ್ಬಿಣದ ಪುಡಿ.
ಹೊಸಾ ಅರದಿಂದ ಹಳೇ ಅರ ಉಜ್ಜೋದು
ಅಣ್ಣತಮ್ಮರ ಪಾಲಿನ ಜಗಳದಂಗ ಸಪ್ಪಳ.
ಓಣಿಯವರು ಕೆಳಗ ನಿಂತು ಕೂಗತಿದ್ರು:
"ಏನ್ರೀ, ಯಾರ ಮ್ಯಾಲ ಕತ್ತಿ ಮಸೀಲತ್ತೀರಿ?"
ಹತ್ತು ರೂಪಾಯಿ ಟಿಕೀಟಿಗಿ
ಐನೂರರ ನೋಟು ಹಿಡಿಯೋ ಮುಖಗೋಳು
ಒಮ್ಮಿ ಕಣ್ಮುಂದ ಹಾದು ಹೋದ್ವು, ಖರೆ.
ಆದ್ರ ಉಜ್ಜತ ಉಜ್ಜತ ಸಿಟ್ಟು
ಸ್ಟಾಪ್ ಬರೂಕಿಂತ ಮೊದಲೇ ಇಳದು ಹೋಗ್ತದ.

ಅರ ಉದ್ದ ಇತ್ತು, ಎರಡು ಚಾಕು ಬರತಿದ್ವು.
ಮೊದಲನೇದು ಕಾಸಿ ನೀರಾಗ ಅದ್ದಿದೆ.
ಟಿಣ್.
ಅಷ್ಟೇ. ಕೂದಲೆಳಿಯಂಥ ಸೀಳು.
ಮೂರು ದಿನ ಬಸ್ಸಿನ ಗಂಟಿ ಹೊಡಿಲಿಕ್ಕೂ
ಕೈ ಅಂಜಿತು.

ಎರಡನೇದಕ್ಕ ಕುಸುಬಿ ಎಣ್ಣಿ.
ಹಳೇ ರೇಡಿಯೋದ ಅಯಸ್ಕಾಂತ ದಾರಕ್ಕ ಕಟ್ಟಿ
ಕೆಂಡದಂಥ ಕಬ್ಬಿಣದ ಸಮೀಪ ಹಿಡದ್ರ
ಗುರುತು ಇಲ್ಲದವರಂಗ ಜೋತಾಡತು.
ಕಬ್ಬಿಣ ತನ್ನ ನಂಟು ಮರೀಬೇಕು, ಆಗ ಅದ್ದಬೇಕು.
ಛಸ್ ಅಂತು. ಇಡೀ ಓಣಿಗಿ ಭಜಿ ವಾಸನಿ.
ಪಕ್ಕದ ಮನಿ ಇಬ್ಬರು ಹುಡುಗರು
ತಾಟು ಹಿಡಕೊಂಡು ಮಾಳಿಗಿ ಏರಿದ್ರು.

ಇನ್ನ ಹದ ತಗೀಬೇಕು. ತವಾದಾಗ ಉಸುಕು ಕಾಸಿ
ಮ್ಯಾಲ ಚಾಕು ಇಟ್ಟು ಬಣ್ಣ ನೋಡೋದು.
ಹಳದಿ ಅಂತಾರ. ಯಾವ ಹಳದಿ?
ಅರಿಷಿಣದ್ದೋ, ಹಳೇ ಟಿಕೀಟಿನದೋ?
ಮಷೀನಿನ ಲೆಕ್ಕ ಕೇಳಲಿಕ್ಕಿ ಬಂದ ಜಗದೇವಿ
ಸೊಂಟದ ಮ್ಯಾಲ ಕೈ ಇಟ್ಟು ನಿಂತಿದ್ದಳು.
"ಕಣಕಿ ಬಣ್ಣ ಅದು," ಅಂದಳು.
"ಬಣವಿ ಒಟ್ಟಿದ ಮನಿ ಮಗಳು ನಾ. ತಡಿ.
ಇನ್ನೂ ತಡಿ.
ಈಗ. ತಗಿ, ನೀಲಿ ಬರಲತ್ತದ ನೋಡು!"
ಮಷೀನಿನ ಮಾತು ಆವತ್ತು ಬರಲಿಲ್ಲ,
ಮರುದಿನ ಬಂತು.

ಜಾಲಿ ಕಟಗಿ ಹಿಡಿ, ಹಿತ್ತಾಳಿ ಮೊಳಿ ಎರಡು.
ಹೊಸ್ತಿಲದ ಫರ್ಸಿ ಮ್ಯಾಲ ನೀರು ಚಿಮುಕಿಸಿ ಮಸದೆ,
ಈಗ ಕಾಲಿಟ್ಟವರೆಲ್ಲಾ
ಅಲ್ಲಿ ನುಣ್ಣಗದ ಅಂತಾರ.
ಬೆನ್ನಿನ ಕಡಿ ಮಾತ್ರ ಉಜ್ಜಲಿಲ್ಲ.
ಹಳೇ ಹಲ್ಲಿನ ಸಾಲು ಬೆರಳಿಗಿ ಹತ್ತೂವಷ್ಟು ಬಿಟ್ಟೆ.

ರುಕ್ನೋದ್ದೀನನ ಮನಿಗಿ ಹೋದಾಗ
ಚಾಕು ಕೈಯಿಂದ ಕೈಗಿ ಕೊಡಲಿಲ್ಲ,
ಕೊಟ್ರ ಮಾತು ಮುರೀತದಂತ.
ಅವನೂ ಕೈ ಚಾಚಲಿಲ್ಲ. ಚಾಪಿ ಮ್ಯಾಲ ಇಟ್ಟೆ.
ಎತ್ತಿಕೊಂಡ. ಹರಿತ ನೋಡಲಿಲ್ಲ,
ಬೆನ್ನು ಸವರಿದ, ಒಂದು ಕಡಿ ಬೆರಳು ನಿಂತು:
"ಇಲ್ಲಿ ಮೂರು ಹಲ್ಲು ಒಮ್ಮಿಗೇ ಹೋಗಿದ್ವು.
ಸುರಪುರ ಗಾಡಿ. ಮಳಿ ಇತ್ತು."

ಮತ್ತೇನೂ ಅನಲಿಲ್ಲ.
ಬುಟ್ಟ್ಯಾಗಿನ ಪ್ಯಾರಲಹಣ್ಣು ತಗದು
ಬಾಯಾಗ ಉಳದ ನಾಕು ಹಲ್ಲಿಗಿ ತಕ್ಕಂಗ
ತೆಳ್ಳಗ, ಟಿಕೀಟಿನಷ್ಟು ತೆಳ್ಳಗ ಹೆಚ್ಚಿ,
ಉಪ್ಪು ಹಚ್ಚಿ,
ಮೊದಲನೇದು ನನ್ನ ಕೈಯಾಗ ಇಟ್ಟ.